ಸೆಕೆಂಡ್ ಹ್ಯಾಂಡ್ ಕಾರಿನ ಆಯಿಲ್ ಲೀಕ್: ಸ್ಪ್ಯಾನರ್ ಹಿಡಿಯೋ ಮುಂಚೆ ವಾರಂಟಿ ಕಾಗದ ಓದಿ

ಗೆಳೆಯರೇ, ಈ ವಾರ ಜೀವಾಮೃತ, ಟ್ರೈಕೋಡರ್ಮಾದ ಮಾತಿಲ್ಲ. ಗಾಡಿ ಮಾತು. ಶಿಕಾರಿಪುರ, ಸೊರಬ ಕಡೆ ಶುಂಠಿಗೋ ಅಡಿಕೆಗೋ ಒಂದು ವರ್ಷ ಒಳ್ಳೆ ರೇಟು ಸಿಕ್ಕಿತು ಅಂದರೆ ನಮ್ಮ ವಯಸ್ಸಿನವರು ಮೊದಲು ಮಾಡೋ ಕೆಲಸ ಶಿವಮೊಗ್ಗಕ್ಕೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತರೋದು. ನಾನೂ ತಂದೆ. ತೋಟಗಾರಿಕೆ ಓದಿದವನಿಗೆ ಎಲೆ ನೋಡಿ ರೋಗ ಹೇಳೋದು ಗೊತ್ತಿತ್ತು, ಎಂಜಿನ್ ನೋಡಿ ಹೇಳೋದು ಗೊತ್ತಿರಲಿಲ್ಲ. ಅದನ್ನು ಕಲಿಯೋದಕ್ಕೆ ಕೊಟ್ಟ ಫೀಸು 4,500 ರೂಪಾಯಿ. ನೀವು ಕೊಡೋದು ಬೇಡ ಅಂತ ಈ ಪಾಠ.

ನಡೆದದ್ದು ಇಷ್ಟು

ನವೆಂಬರಿನಲ್ಲಿ ಒಂದು ಹಳೇ ಕಾರುಗಳ ಅಂಗಡಿಯಿಂದ ಡೀಸೆಲ್ ಕಾರು ತಂದೆ. ಎಂಜಿನ್, ಗೇರ್ ಬಾಕ್ಸಿಗೆ ಆರು ತಿಂಗಳ ವಾರಂಟಿ ಅಂತ ಕಾಗದ ಕೊಟ್ಟರು. ಮಡಚಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ. ಓದಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಅಮ್ಮ ಕರೆದರು. "ತಮ್ಮಾ, ಅಂಗಳದಾಗೆ ಏನೋ ಕಪ್ಪಗೆ ಬಿದ್ದೈತೆ ನೋಡು." ಸಗಣಿ ಸಾರಿಸಿ ಅಡಿಕೆ ಒಣಗಿಸೋ ಅಂಗಳ. ಅಂಗೈ ಅಗಲದ ಆಯಿಲ್ ಕಲೆ. ಶುಂಠಿ ಕೀಳೋ ಗಡಿಬಿಡಿ, ಯೋಚನೆ ಮಾಡಲಿಲ್ಲ. ಹತ್ತಿರದ ಗ್ಯಾರೇಜಿಗೆ ಒಯ್ದೆ. ಅವರು ಕೆಳಗೆ ಬಗ್ಗಿ ನೋಡಿ "ಚೇಂಬರ್ ಪ್ಯಾಕಿಂಗ್ ಹೋಗೈತೆ ಅಣ್ಣ" ಅಂದರು. ಬಿಚ್ಚಿ, ಪೇಸ್ಟ್ ಹಚ್ಚಿ, ಟೈಟ್ ಮಾಡಿದರು. 1,800 ರೂಪಾಯಿ. ಒಂದು ವಾರಕ್ಕೆ ಮತ್ತೆ ಅದೇ ಕಲೆ.

ಆಮೇಲೆ ಅಂಗಡಿಗೆ ಹೋದೆ. ಅವರು ಗಾಡಿ ನೋಡಿದ ಕೂಡಲೇ ಹೇಳಿದ್ದು ಒಂದೇ ಮಾತು: "ಹೊರಗಡೆ ಬಿಚ್ಚಿಸಿದ್ದೀರಲ್ಲ ಸರ್, ವಾರಂಟಿ ಹೋಯ್ತು."

ಹನಿ ಬೀಳೋದು ಒಂದು ಕಡೆ, ರೋಗ ಇನ್ನೊಂದು ಕಡೆ

ಶುಂಠಿಯಲ್ಲಿ ಎಲೆ ಹಳದಿಯಾದರೆ ನಾವು ಎಲೆಗೆ ಔಷಧಿ ಹೊಡೆಯಲ್ಲ, ಮಣ್ಣು ಕೆದಕಿ ಗೆಡ್ಡೆ ನೋಡ್ತೀವಿ. ಮೇಲೆ ಲಕ್ಷಣ, ಕೆಳಗೆ ರೋಗ. ಆಯಿಲ್ ಲೀಕ್ ಇದಕ್ಕೆ ಉಲ್ಟಾ. ಕೆಳಗೆ ಹನಿ, ಮೇಲೆ ರೋಗ. ಆಯಿಲ್ ಮೇಲಿಂದ ಕೆಳಗೆ ಇಳಿಯುತ್ತೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತೆ. ಹಾಗಾಗಿ ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದನ್ನು ಹುಡುಕಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ:

1. ರಾತ್ರಿ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ. ಮುಂದಿನ ಚಕ್ರ ಎಲ್ಲಿ ಅಂತ ರಟ್ಟಿನ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿದೆ, ಎಷ್ಟಿದೆ ನೋಡಿ ಫೋಟೋ ತೆಗೀರಿ.

2. ಬಣ್ಣ, ವಾಸನೆ ನೋಡಿ. ಕಂದು ಅಥವಾ ಕಪ್ಪು ಇದ್ದು ಜಾರಿದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಘಾಟು ಬಂದರೆ ಗೇರ್ ಆಯಿಲ್. ಹಸಿರೋ ಗುಲಾಬಿಯೋ ಇದ್ದು ನೀರಿನ ಥರ ಇದ್ದರೆ ಕೂಲೆಂಟ್. ಚಕ್ರದ ಹತ್ತಿರ ತೆಳ್ಳಗಿನ ಎಣ್ಣೆ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಆಗ ಗಾಡಿ ಓಡಿಸಲೇಬೇಡಿ. ಏಸಿ ಹಾಕಿದ್ದಾಗ ಬೀಳೋ ಬರೀ ನೀರಿಗೆ ಹೆದರಬೇಕಿಲ್ಲ.

3. ಗೇಜ್ ಕಡ್ಡಿ ನೋಡಿ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ, ಮತ್ತೆ ಹಾಕಿ ತೆಗೀರಿ. ಎರಡು ಗುರುತಿನ ಮಧ್ಯೆ ಇರಬೇಕು. ಕಡಿಮೆ ಆದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಮೇಲಿನ ಗುರುತು ದಾಟಿದರೂ ತೊಂದರೆಯೇ.

4. ಎಂಜಿನ್ ಚಾಲೂ ಇದ್ದಾಗ ಆಯಿಲ್ ಹಾಕೋ ಮುಚ್ಚಳ ಮೆಲ್ಲಗೆ ತಿರುಗಿಸಿ ನೋಡಿ, ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರ ಇರಲಿ. ಹೊಗೆ ಬುಸ್ ಬುಸ್ ಅಂತ ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಇಲ್ಲವೇ ಬ್ರೀದರ್ ಕಟ್ಟಿರಬಹುದು. ಒಳಗೆ ಒತ್ತಡ ಜಾಸ್ತಿ ಇದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸೋರೋದಷ್ಟೇ ಅಲ್ಲ, ಉರೀತಾನೂ ಇದೆ.

ಸಾಮಾನ್ಯವಾಗಿ ಸೋರೋ ಜಾಗಗಳು ಇವು: ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಆಯಿಲ್ ಪ್ರೆಶರ್ ಸ್ವಿಚ್, ಕೆಳಗಿನ ಡ್ರೈನ್ ಬೋಲ್ಟಿನ ವಾಷರ್, ಚೇಂಬರ್ ಪ್ಯಾಕಿಂಗ್, ಕ್ರ್ಯಾಂಕಿನ ಮುಂದಿನ ಸೀಲ್, ಹಿಂದಿನ ಸೀಲ್. ಮೊದಲಿನ ನಾಲ್ಕು ಹೆಚ್ಚು ಖರ್ಚಿಲ್ಲದೆ ಸರಿಯಾಗುತ್ತವೆ. ಕ್ರ್ಯಾಂಕಿನ ಹಿಂದಿನ ಸೀಲ್ ಹಾಗಲ್ಲ. ಸೀಲಿನ ಬೆಲೆ ಕಡಿಮೆಯೇ, ಆದರೆ ಅದನ್ನು ಹಾಕೋಕೆ ಗೇರ್ ಬಾಕ್ಸ್ ಇಳಿಸಬೇಕು. ಕೂಲಿಯೇ ದೊಡ್ಡ ಖರ್ಚು. ನನ್ನ ಗಾಡಿಯಲ್ಲಿ ಹೋಗಿದ್ದು ಅದೇ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರೋ ಜಾಗದಿಂದ ಇಳಿದ ಆಯಿಲ್ ಚೇಂಬರಿನ ಅಂಚಿಗೆ ಬಂದು ತೊಟ್ಟಿಕ್ಕುತ್ತಿತ್ತು. ಚೇಂಬರ್ ಬಿಚ್ಚಿದ್ದು ಎಲೆಗೆ ಔಷಧಿ ಹೊಡೆದ ಹಾಗೆ ಆಯ್ತು. ಇದನ್ನು ತುಂಬಾ ದಿನ ಬಿಟ್ಟರೆ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿ ಏರಿನಲ್ಲಿ ಕ್ಲಚ್ ಜಾರೋಕೆ ಶುರುವಾಗುತ್ತೆ.

ಕೆಂಪು ದೀಪಕ್ಕೆ ಎದುರು ಮಾತಾಡಬೇಡಿ

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಕೆಂಪು ದೀಪ ಹೇಳೋದು ಆಯಿಲ್ ಒತ್ತಡ ಬಿತ್ತು ಅಂತ. "ಇನ್ನು ಐದು ಕಿಲೋಮೀಟರ್ ಊರು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಸೊರಬ ಕಡೆಯ ನನ್ನ ಗೆಳೆಯ ಒಬ್ಬ ಅನಾನಸ್ ಲೋಡ್ ಇಳಿಸಿ ನೋಡೋಣ ಅಂತ ಹಾಗೇ ಓಡಿಸಿದ. ಎಂಜಿನ್ ಕಚ್ಚಿಕೊಂಡಿತು. ಲೀಕ್ ರಿಪೇರಿ ಸಾವಿರಗಳಲ್ಲಿ ಮುಗೀತಿತ್ತು, ಎಂಜಿನ್ ಕೆಲಸ ಲಕ್ಷದ ಹತ್ತಿರ ಹೋಯ್ತು. ಇಂಥ ನಷ್ಟವನ್ನು ವಾರಂಟಿಯವರೂ ಒಪ್ಪಲ್ಲ, ಇನ್ಶೂರೆನ್ಸಿನವರೂ ಸಾಮಾನ್ಯವಾಗಿ ಒಪ್ಪಲ್ಲ. ತೋಟದ ದಾರಿಯಲ್ಲಿ ಕಲ್ಲು ಬಡಿದು ಚೇಂಬರ್ ಒಡೆದರೆ ಅದು ಅಪಘಾತ, ಕ್ಲೇಮ್ ಕೇಳಬಹುದು. ಒಡೆದ ಮೇಲೂ ಓಡಿಸಿ ಎಂಜಿನ್ ಹೋದರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ದೀಪ ಹತ್ತಿದರೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಫೋನ್ ಮಾಡಿ.

ವಾರಂಟಿ ಕಾಗದದಲ್ಲಿ ಏನು ಓದಬೇಕು

ಮೊದಲು ಇದು ಯಾರ ವಾರಂಟಿ ಅಂತ ನೋಡಿ. ಕಂಪನಿಯ ಉಳಿದ ವಾರಂಟಿಯೋ, ಮಾರಿದ ಅಂಗಡಿಯದೋ, ಬೇರೆ ಸಂಸ್ಥೆಯಿಂದ ಕೊಂಡಿದ್ದೋ? ಬಾಯಲ್ಲಿ ಹೇಳಿದ "ಏನಾದ್ರೂ ಆದ್ರೆ ನಾವಿದ್ದೀವಿ" ಅನ್ನೋದನ್ನು ಸಾಬೀತು ಮಾಡೋದು ಕಷ್ಟ. ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ಆಮೇಲೆ "ಇವು ಸೇರಿಲ್ಲ" ಅನ್ನೋ ಪಟ್ಟಿ ಓದಿ. ಎಂಜಿನ್ ಸೇರಿದೆ ಅಂತ ದೊಡ್ಡಕ್ಷರದಲ್ಲಿ ಇರುತ್ತೆ. ಸೀಲ್, ಪ್ಯಾಕಿಂಗ್, ಹೋಸ್, ಆಯಿಲ್ ಸೇರಿಲ್ಲ ಅಂತ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. ಹೊರಗಡೆ ಬಿಚ್ಚಿಸಿದರೆ ವಾರಂಟಿ ಇಲ್ಲ, ತೊಂದರೆ ಕಂಡ ಇಂತಿಷ್ಟು ದಿನದೊಳಗೆ ತಿಳಿಸಬೇಕು, ಸರ್ವಿಸ್ ನಮ್ಮಲ್ಲೇ ಆಗಬೇಕು ಅನ್ನೋ ಷರತ್ತುಗಳೂ ಅಲ್ಲೇ. "ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ" ಅನ್ನೋ ಸಾಲಿದ್ದರೆ ಸಹಿಗೆ ಮುಂಚೆ ಪ್ರಶ್ನೆ ಕೇಳಿ.

ನನ್ನ ಕಾಗದದಲ್ಲೂ ಇವೆಲ್ಲ ಇದ್ದವು. ನನ್ನನ್ನು ಉಳಿಸಿದ್ದು ಇನ್ನೊಂದು ಹಾಳೆ. ಗಾಡಿ ಕೊಡುವಾಗ ಅವರೇ ತುಂಬಿ ಕೊಟ್ಟ ತಪಾಸಣೆ ಪಟ್ಟಿಯಲ್ಲಿ "ಆಯಿಲ್ ಲೀಕ್ ಇಲ್ಲ" ಅನ್ನೋ ಜಾಗಕ್ಕೆ ಟಿಕ್ ಇತ್ತು. ಎರಡು ತಿಂಗಳೊಳಗೆ ಲೀಕ್ ಬಂದಿದೆ, ಗೇರ್ ಬಾಕ್ಸ್ ಯಾರೂ ಬಿಚ್ಚಿಲ್ಲ, ಹೊರಗೆ ಬಿಚ್ಚಿದ್ದು ಬೇರೆ ಭಾಗ ಅಂತ ಪತ್ರ ಬರೆದೆ. ಜೊತೆಗೆ ಆ ಪಟ್ಟಿ, ಫೋಟೋ, ಗ್ಯಾರೇಜಿನ ಬಿಲ್ಲು ಇಟ್ಟೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ಅಂಗಡಿಯವರೇ ಫೋನ್ ಮಾಡಿದರು. ಒಟ್ಟು 8,200 ಖರ್ಚಿನಲ್ಲಿ ಕೂಲಿ 5,500 ಅವರದು, ಸೀಲ್ ಮತ್ತು ಹೊಸ ಆಯಿಲಿನ 2,700 ನನ್ನದು ಅಂತ ಒಪ್ಪಂದ ಆಯ್ತು. ಮೊದಲಿನ 1,800 ಸೇರಿ ನನಗೆ 4,500 ಬಿತ್ತು. ಪೂರ್ತಿ ಗೆದ್ದೆ ಅಂತ ಹೇಳಲ್ಲ. ಬಿಚ್ಚಿಸೋ ಮುಂಚೆ ಒಂದು ಫೋನ್ ಮಾಡಿದ್ದರೆ ಅವರಿಗೆ ತಪ್ಪಿಸಿಕೊಳ್ಳೋಕೆ ನೆಪವೇ ಇರ್ತಿರಲಿಲ್ಲ.

ಕಾನೂನು ಎಷ್ಟು ದೂರ ಬರುತ್ತೆ

1915 ಸಹಾಯವಾಣಿ ನಿಮ್ಮ ದೂರನ್ನು ಅಂಗಡಿ ಅಥವಾ ಕಂಪನಿಗೆ ಮುಟ್ಟಿಸಿ ರಾಜಿಗೆ ಪ್ರಯತ್ನ ಮಾಡುತ್ತೆ, ಆದೇಶ ಕೊಡಲ್ಲ. ಆದೇಶ ಬೇಕಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕೆಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ನಮಗೆ ಅದು ಶಿವಮೊಗ್ಗ. ಅಂಗಡಿ ಬೆಂಗಳೂರಿನದ್ದಾದರೂ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ದೂರು ಹೋಗಬೇಕು. ಮೊಬೈಲಿನಲ್ಲೇ ಸಲ್ಲಿಸೋಕೆ ಇ-ಜಾಗೃತಿ ಪೋರ್ಟಲ್ ಇದೆ.

"ನೀವು ಮಾಲು ಸಾಗಿಸ್ತೀರಿ, ಗ್ರಾಹಕರಲ್ಲ, ವ್ಯಾಪಾರಿ" ಅಂತ ಅಂಗಡಿಯವರು ಹೇಳಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸೋಕಷ್ಟೇ ಗಾಡಿ ತಗೊಂಡು ತಾವೇ ಬಳಸೋರನ್ನು ಈ ಕಾಯ್ದೆ ಗ್ರಾಹಕರೆಂದೇ ನೋಡುತ್ತೆ.

ಪಕ್ಕದ ಊರಿನ ಪರಿಚಯದವರಿಂದ ನೇರ ಕೊಂಡರೆ ಕಥೆ ಬೇರೆ. ಅವರು ವ್ಯಾಪಾರಿ ಅಲ್ಲ, ಗ್ರಾಹಕ ಆಯೋಗದ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೇ. ಅಲ್ಲಿ ನಂಬಬೇಕಾದ್ದು ನಿಮ್ಮ ಕಣ್ಣು ಮತ್ತು ಬರೆಸಿಕೊಂಡ ಕಾಗದ. ಅಂಗಡಿಯಿಂದ ಕೊಳ್ಳೋದಾದರೆ ಇನ್ನೊಂದು ಕೇಳಿ: 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅನುಮತಿ ಪತ್ರದ ನಿಯಮ ಬಂದಿದೆ. ಅದನ್ನು ತೋರಿಸಿ ಅಂತ ಹೇಳೋಕೆ ಸಂಕೋಚ ಬೇಡ.

ಕೊಳ್ಳೋ ದಿನವೇ ನೋಡಬೇಕಾದ್ದು

ಎಂಜಿನ್ ಥಳಥಳ ತೊಳೆದು ಇಟ್ಟಿದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ. ಅರ್ಧ ಗಂಟೆ ಓಡಿಸಿ, ಬಂದು ಕೆಳಗೆ ಟಾರ್ಚ್ ಹಾಕಿ ನೋಡಿ. ತಣ್ಣಗಿರೋ ಎಂಜಿನ್ನನ್ನು ನೀವೇ ಚಾಲೂ ಮಾಡಿ. ಗಾಡಿ ನಿಂತಿದ್ದ ಜಾಗದ ನೆಲ ನೋಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಎಲ್ಲಿವರೆಗೆ, ಸಾಲ ಇದೆಯಾ ನೋಡಿ. ಸರ್ವಿಸ್ ಬಿಲ್ಲುಗಳನ್ನು ಕೇಳಿ ಪಡೀರಿ. 2,000 ಕೊಟ್ಟಾದರೂ ನಿಮಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ.

ಲೀಕ್ ಕಂಡ ದಿನ, ಇದೇ ಕ್ರಮದಲ್ಲಿ

1. ಗೇಜ್ ಕಡ್ಡಿ ನೋಡಿ. ಕಡಿಮೆ ಇದ್ದರೆ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ಹಾಕಿ. ಬಿಲ್ಲು ಇಟ್ಟುಕೊಳ್ಳಿ.
2. ತೊಳೆಯೋ ಮುಂಚೆ ಫೋಟೋ, ವಿಡಿಯೋ ತೆಗೀರಿ. ಮೀಟರಿನ ಕಿಲೋಮೀಟರೂ ಕಾಣಲಿ.
3. ವಾರಂಟಿ ಕಾಗದ, ತಪಾಸಣೆ ಪಟ್ಟಿ ಹುಡುಕಿ ಓದಿ.
4. ಅಂಗಡಿಗೆ ಅದೇ ದಿನ ಫೋನ್ ಮಾಡಿ, ಅದನ್ನೇ ವಾಟ್ಸಾಪ್ ಅಥವಾ ಇಮೇಲಿನಲ್ಲಿ ಬರೀರಿ.
5. ಅವರು ಬರೆದು ಒಪ್ಪೋವರೆಗೆ ಹೊರಗೆ ಒಂದು ಬೋಲ್ಟೂ ಬಿಚ್ಚಿಸಬೇಡಿ. ಮೆಕ್ಯಾನಿಕ್ ನೋಡಿ ಹೇಳಲಿ, ಮುಟ್ಟೋದು ಬೇಡ.
6. ಲೀಕ್ ನಿಲ್ಲಿಸುತ್ತೆ ಅಂತ ಮಾರೋ ಡಬ್ಬಿ ಔಷಧಿ, ದಪ್ಪ ಆಯಿಲ್ ಸುರಿಯಬೇಡಿ. ಅದನ್ನೇ ನೆಪ ಮಾಡಿ ವಾರಂಟಿ ಇಲ್ಲ ಅಂದುಬಿಟ್ಟಾರು.

ಕೊನೆಗೆ ನಮ್ಮ ಕಸುಬಿನ ಮಾತು. ಸುಟ್ಟ ಆಯಿಲ್ಲನ್ನು ಬೇಲಿ ಗೂಟಕ್ಕೆ ಬಳಿಯೋದು, ಗೆದ್ದಲಿಗೆ ಅಂತ ಬುಡಕ್ಕೆ ಸುರಿಯೋದು ನಮ್ಮಲ್ಲಿ ಅಭ್ಯಾಸ. ಬಿಟ್ಟುಬಿಡಿ. ಸರ್ಕಾರದ ನಿಯಮದಲ್ಲೇ ಅದು ಅಪಾಯಕಾರಿ ತ್ಯಾಜ್ಯ. ಎಂಜಿನ್ ಸವೆದ ಲೋಹವೂ ಅದರಲ್ಲಿ ಇರುತ್ತೆ. ಆಯಿಲ್ ಬದಲಿಸಿದಾಗ ಹಳೇದನ್ನು ಗ್ಯಾರೇಜಿನ ಡ್ರಮ್ಮಿಗೇ ಬಿಡಿ. ಅಂಗಳದಲ್ಲಿ ಬಿದ್ದರೆ ಮರದ ಹೊಟ್ಟು ಹಾಕಿ ಹೀರಿಸಿ, ಆ ಮೇಲ್ಮಣ್ಣನ್ನು ಕೆರೆದು ಬೇರೆ ಇಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ನಾನು ಆ ಜಾಗ ಕೆರೆದು ಹೊಸ ಮಣ್ಣು ಹಾಕಿ ಸಾರಿಸಿದ ಮೇಲೇ ಅಮ್ಮ ಅಲ್ಲಿ ಅಡಿಕೆ ಹರಡಿದ್ದು.

ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡೋ ಮುಂಚೆ ಒಂದು ಸಲ ಕೆಳಗೆ ಬಗ್ಗಿ ನೋಡಿ, ಗೇಜ್ ಕಡ್ಡಿ ಎಳೆದು ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟ ಕಾಗದ ಇದ್ದರೆ ಇವತ್ತೇ ತೆಗೆದು ಓದಿ, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ವಾರ ಮತ್ತೆ ಮಣ್ಣಿಗೆ ಬರೋಣ.