ಗಬ್ಬದ ಹಸು ಸೊರೆ ಬಿಟ್ಟರೂ ಕಂದು ಹಾಕುವುದಿಲ್ಲವೇಕೆ?

ಪ್ರಶ್ನೆ: ಹಾಲು ಕರೆಯುವಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಬರುತ್ತದೆ, ಹೆರಿಗೆ ನೋವು ಬರಿಸುವುದೂ ಅದೇ ಎಂದು ಓದಿದೆ. ಗಬ್ಬದ ಹಸುವನ್ನು ಏಳು ತಿಂಗಳವರೆಗೂ ಕರೆಯುತ್ತೇವಲ್ಲ, ಅದು ಕಂದು ಹಾಕುವುದಿಲ್ಲವೇಕೆ?

ಉತ್ತರ: ಕೆಚ್ಚಲು ತೊಳೆದು ಮೊಲೆ ನೇವರಿಸಿದ ಸ್ವಲ್ಪ ಹೊತ್ತಿಗೇ ಹಸು ಸೊರೆ ಬಿಡುತ್ತದಲ್ಲ, ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕಿಳಿದ ಆಕ್ಸಿಟೋಸಿನ್‌ನ ಕೆಲಸ. ಅದೇ ರಕ್ತ ಗರ್ಭಕೋಶಕ್ಕೂ ಹರಿಯುತ್ತದೆ, ನಿಜ. ಆದರೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಅಲ್ಲಿ ಆಗ ತೀರ ಕಡಿಮೆ. ಜೊತೆಗೆ ಅಂಡಾಶಯ ಸುರಿಸುವ ಪ್ರೊಜೆಸ್ಟರಾನ್ ಗರ್ಭಕೋಶದ ಸ್ನಾಯುವನ್ನು ಸುಮ್ಮನಿರಿಸಿರುತ್ತದೆ. ಕೂಗಿದರೂ ಓಗೊಡುವವರಿಲ್ಲ.

ಹಸುವಿನ ಗಬ್ಬ ಸುಮಾರು 280 ದಿನ. ಇನ್ನು ಸಾಕೆಂದು ತೀರ್ಮಾನಿಸುವುದು ತಾಯಿಯಲ್ಲ, ಹೊಟ್ಟೆಯೊಳಗಿನ ಕರು. ನನಗಂತೂ ಇದೇ ಸೋಜಿಗ. ಕರುವಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸತೊಡಗಿದ ಮೇಲೆ ತಾಯಿಯಲ್ಲಿ ಈಸ್ಟ್ರೊಜೆನ್ ಏರುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ. ಆಗ ಸ್ನಾಯುಕೋಶಗಳ ಮೇಲೆ ಗ್ರಾಹಕಗಳು ಹೆಚ್ಚುತ್ತವೆ. ಕೋಶದಿಂದ ಕೋಶಕ್ಕೆ ವಿದ್ಯುತ್ ಸಂಕೇತ ದಾಟುವ ಸಣ್ಣ ದಾರಿಗಳೂ ಮೂಡುತ್ತವೆ, ಹಾಗಾಗಿ ಇಡೀ ಗರ್ಭಕೋಶ ಒಟ್ಟಿಗೆ ಹಿಂಡುತ್ತದೆ. ಇಲಿಗಳಲ್ಲಿ ನೋಡಿದರೆ, ನೋವು ಶುರುವಾಗುವ ಹೊತ್ತಿಗೆ ರಕ್ತದ ಆಕ್ಸಿಟೋಸಿನ್ ಹೆಚ್ಚೇನೂ ಏರಿರುವುದಿಲ್ಲ. ಏರಿರುವುದು ಗ್ರಾಹಕಗಳ ಸಂಖ್ಯೆ.

ಕರು ಗರ್ಭಕೊರಳನ್ನು ಒತ್ತಿದಾಗ ಮಾತ್ರ ಹಾರ್ಮೋನೂ ಜೋರಾಗಿ ಬರುತ್ತದೆ. ಒತ್ತಿದಷ್ಟೂ ಆಕ್ಸಿಟೋಸಿನ್, ಅದು ಬಂದಷ್ಟೂ ಒತ್ತಡ. 1941ರಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿದ ಫರ್ಗ್ಯುಸನ್‌ನ ಹೆಸರು ಈ ಪ್ರತಿಕ್ರಿಯೆಗಿದೆ.

ಹಾಗಂತ ಗಬ್ಬದ ಹಸುವಿಗೆ ಹಾಲಿನ ಇಂಜೆಕ್ಷನ್, ಅಂದರೆ ಆಕ್ಸಿಟೋಸಿನ್, ಚುಚ್ಚಬಹುದು ಎಂದುಕೊಳ್ಳಬೇಡಿ. ಕರೆಯುವಾಗ ಬರುವ ಹಾರ್ಮೋನು ಅತ್ಯಲ್ಪ, ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಸೂಜಿಯಲ್ಲಿ ಹೋಗುವುದು ಅದರ ಎಷ್ಟೋ ಪಟ್ಟು. ದಿನ ತುಂಬಿದ ಹಸುವಿಗೆ ಗರ್ಭಕೊರಳು ತೆರೆಯುವ ಮುಂಚೆ, ಇಲ್ಲವೇ ಕರು ಅಡ್ಡ ತಿರುಗಿರುವಾಗ ಕೊಟ್ಟರೆ ಗರ್ಭಕೋಶವೇ ಹರಿದೀತು. ಪಶುವೈದ್ಯರು ಕೈಹಾಕಿ ನೋಡದೆ ಅದನ್ನು ಕೊಡುವುದಿಲ್ಲ. ಹೆಚ್ಚು ಹಾಲಿಗಾಗಿ ಹಸುವಿಗೆ ಹಾನಿಯಾಗುವಂತೆ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ.

ಈದ ಮೇಲೆ ಮಾತ್ರ ಕರುವಿಗೆ ಬೇಗ ಮೊಲೆ ಕೊಡಿ. ಗರ್ಭಕೋಶದಲ್ಲಿ ಗ್ರಾಹಕಗಳು ಆಗಿನ್ನೂ ಇರುತ್ತವೆ. ಸೊರೆ ಬಿಡಿಸುವ ಆಕ್ಸಿಟೋಸಿನ್ನೇ ಅದನ್ನೂ ಹಿಂಡಿ ಕಸ ಬೀಳಲು ನೆರವಾಗುತ್ತದೆ.