ಇಂಗ್ಲಿಷಿನ ಗುಣವಾಚಕ ಮತ್ತು ಕ್ರಿಯಾವಿಶೇಷಣ

ನಾಮಪದವನ್ನು ವಿಶೇಷಿಸುವುದು ಗುಣವಾಚಕ. ಕ್ರಿಯೆಯ ರೀತಿಯನ್ನು ತಿಳಿಸುವುದು ಕ್ರಿಯಾವಿಶೇಷಣ. ಕನ್ನಡ ಬಲ್ಲ ವಿದ್ಯಾರ್ಥಿಗೆ ಈ ಭೇದ ಹೊಸದೇನಲ್ಲ. ಹಳೇಬೀಡಿನ ಭಿತ್ತಿಯ ಮೇಲಿರುವುದು 'ಸೂಕ್ಷ್ಮವಾದ' ಕೆತ್ತನೆ. ಶಿಲ್ಪಿಯು ಅದನ್ನು ಕೆತ್ತಿದ್ದು 'ಸೂಕ್ಷ್ಮವಾಗಿ'. ಈ 'ಆಗಿ'ಯ ಕಾರ್ಯವನ್ನು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಲಿ' ಪ್ರತ್ಯಯವು ನಿರ್ವಹಿಸುತ್ತದೆ.

ಆದರೆ ಈ ಒರೆಗಲ್ಲು ಎಲ್ಲೆಡೆಯೂ ಸಲ್ಲದು. 'ಬೇಲೂರಿನ ದೇವಾಲಯವು ಸುಂದರವಾಗಿ ಕಾಣುತ್ತದೆ' ಎಂಬುದನ್ನು ಜಾಣ ವಿದ್ಯಾರ್ಥಿಯೇ 'ಲುಕ್ಸ್ ಬ್ಯೂಟಿಫುಲ್ಲಿ' ಎಂದು ಬರೆದುಬಿಡುತ್ತಾನೆ. ಅವನನ್ನು ದಾರಿ ತಪ್ಪಿಸಿದ್ದು ಕನ್ನಡದ 'ಆಗಿ'. ಇಲ್ಲಿ 'ಲುಕ್ಸ್' ಎಂಬುದು ದೇವಾಲಯವನ್ನೂ ಅದರ ಗುಣವನ್ನೂ ಕೂಡಿಸುವ ಕೊಂಡಿ ಮಾತ್ರ; ಆದ್ದರಿಂದ 'ಬ್ಯೂಟಿಫುಲ್' ಎಂದೇ ಇರಬೇಕು. ಅಂಥ ಕ್ರಿಯಾಪದದ ಸ್ಥಾನದಲ್ಲಿ 'ಈಸ್' ಎಂದಿಟ್ಟು, ಅರ್ಥ ಕೆಡದಿದ್ದರೆ ಗುಣವಾಚಕವನ್ನೇ ಬಳಸಬೇಕೆಂದು ಅಧ್ಯಾಪಕರು ತಿಳಿಸಿದರೆ ಸಂದೇಹ ಬಹುಮಟ್ಟಿಗೆ ನೀಗುತ್ತದೆ.

'ಫ್ರೆಂಡ್ಲಿ', 'ಲವ್ಲಿ' ಎಂಬವು 'ಲಿ' ಇದ್ದೂ ಗುಣವಾಚಕಗಳು. ಅರಸೀಕೆರೆಯನ್ನು ಹಾದುಹೋಗುವ 'ಫಾಸ್ಟ್ ಟ್ರೇನ್' ಓಡುವುದೂ 'ಫಾಸ್ಟ್' ಎಂದೇ. 'ಫಾಸ್ಟ್ಲಿ' ಎಂಬ ಬಳಕೆಯಿಲ್ಲ. ಎಲ್ಲಕ್ಕಿಂತ ಅಪಾಯಕರವಾದುದು 'ಹಾರ್ಡ್'. ಶ್ರಮಪಟ್ಟು ದುಡಿಯುವೆನೆಂಬ ಭಾವದಿಂದ ಉದ್ಯೋಗದ ಅರ್ಜಿಯಲ್ಲಿ 'ಐ ಹಾರ್ಡ್ಲಿ ವರ್ಕ್' ಎಂದು ಬರೆದ ತರುಣನು, ತಾನು ದುಡಿಯುವುದೇ ಅಪರೂಪವೆಂದು ಕೈಯಾರೆ ಒಪ್ಪಿಕೊಂಡಂತಾಗುತ್ತದೆ.