ಊರಿನ ಇತಿಹಾಸವೂ ದಾಸೋಹಧರ್ಮವೂ

ದಾಸೋಹವೆಂದೊಡನೆ ಸಾಮಾನ್ಯವಾಗಿ ಅನ್ನದಾಸೋಹವೊಂದೇ ನೆನಪಿಗೆ ಬರುವುದು. ಹಸಿದು ಬಂದವರಿಗೆ ಉಣಬಡಿಸುವುದು ಭಕ್ತನ ಧರ್ಮವೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಬಲ್ಲನು. ಆದರೆ ಶರಣರ ದಾಸೋಹವು ಅಲ್ಲಿಗೇ ನಿಲ್ಲುವುದಿಲ್ಲ. ತನಗೆ ದೊರೆತುದು ತನ್ನೊಬ್ಬನದಲ್ಲ, ಸಮಾಜದ್ದು ಎಂಬ ಭಾವವೇ ಅದರ ತಿರುಳು. ಹಾಗಾದರೆ ಅನ್ನದಂತೆ ಅರಿವೂ ದಾಸೋಹಕ್ಕೆ ಸಲ್ಲತಕ್ಕ ಪದಾರ್ಥವೇ ಆಗಿದೆ. ಹಿರಿಯರಿಂದ ಬಂದ ಓಲೆ, ಕಡತ, ಕಾಗದಪತ್ರ, ನೆನಪು ಇವೆಲ್ಲವೂ ಆ ಅರಿವಿನ ಭಂಡಾರಗಳು. ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮರೆತವನು ಹಗೇವಿನ ಜೋಳವನ್ನು ಯಾರಿಗೂ ಕೊಡದೆ ಕೊಳೆಯಿಸಿದವನಿಗೆ ಸಮಾನನು.

ವಚನವಾಙ್ಮಯವು ಉಳಿದುಬಂದ ರೀತಿಯನ್ನು ವಿಚಾರಿಸಿದರೆ ಈ ಮಾತಿನ ಸತ್ಯವು ತಿಳಿಯುವುದು. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರು ಉಳವಿಯಲ್ಲಿ ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಆ ಉಳವಿಯು ಉತ್ತರ ಕನ್ನಡದ ದಟ್ಟ ಕಾಡಿನ ನಡುವಿದೆ. ಗಂಗಾಂಬಿಕೆಯ ನೆನಪನ್ನು ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿಯು ಕಾಪಾಡಿಕೊಂಡಿದೆ. ಶರಣರು ನಡೆದ ದಾರಿಯ ನೆನಪನ್ನು ಹೀಗೆ ಆಯಾ ಊರಿನ ಜನರೇ ಉಳಿಸಿದರು. ಹದಿನೈದನೆಯ ಶತಮಾನದಲ್ಲಿ ವಿರಕ್ತರು ವಚನಗಳನ್ನು ಕಲೆಹಾಕಿ ಕ್ರಮಗೊಳಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಪ್ರಭುದೇವರನ್ನು ನಡುವಿಟ್ಟು ಶೂನ್ಯಸಂಪಾದನೆಯನ್ನು ಸಂಕಲಿಸಿದನು. ಮುಂದಿನ ನಾಲ್ಕು ನೂರು ವರ್ಷ ಆ ಓಲೆಗಳನ್ನು ಕಾಯ್ದವರು ಮಠಗಳೂ ಸಾಮಾನ್ಯ ಗೃಹಸ್ಥರೂ ಆಗಿದ್ದರು.

ಆದರೆ ಕಾಯುವುದೂ ಹಂಚುವುದೂ ಒಂದೇ ಅಲ್ಲ. ಎಷ್ಟೋ ಮನೆಗಳಲ್ಲಿ ತಾಡವೋಲೆಯ ಕಟ್ಟುಗಳು ಪೂಜೆಯ ಜಗುಲಿಯ ಮೇಲಿದ್ದವು. ಅವಕ್ಕೆ ವಿಭೂತಿ ಪತ್ರೆಗಳು ಏರುತ್ತಿದ್ದವು. ದಾರವನ್ನು ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಬಕವಿಯ ಮಂಚಾಲೆ ಮನೆತನದಲ್ಲಿದ್ದ ಓಲೆಗಳನ್ನು ವಕೀಲರಾದ ಫ. ಗು. ಹಳಕಟ್ಟಿಯವರು ಕಂಡರು. ಆ ನೋಟವು ಅವರ ಬಾಳಿನ ದಾರಿಯನ್ನೇ ಬದಲಿಸಿತು. ವಿಜಯಪುರದಲ್ಲಿ ನೆಲೆಸಿದ್ದ ಅವರು ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿ, ಪ್ರತಿಮಾಡಿಕೊಂಡು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು 1964ರಲ್ಲಿ ಲಿಂಗೈಕ್ಯರಾದರು. ಅವರು ಬಿತ್ತಿದ ಬೀಜವು ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಹೊರತಂದ ಸಮಗ್ರ ವಚನ ಸಂಪುಟಗಳ ರೂಪದಲ್ಲಿ ಹದಿನೈದು ಸಂಪುಟಗಳಾಗಿ ಫಲಿಸಿತು.

ಈ ವೃತ್ತಾಂತದಲ್ಲಿ ಇಬ್ಬರಿಗೆ ಸಮಾನವಾದ ಪುಣ್ಯವು ಸಲ್ಲುವುದು. ಒಬ್ಬರು ಹಳಕಟ್ಟಿಯವರು, ಇನ್ನೊಬ್ಬನು ಕಟ್ಟನ್ನು ಬಿಚ್ಚಿ ಅವರ ಕೈಗಿತ್ತ ಹೆಸರರಿಯದ ಗೃಹಸ್ಥನು. ಆತನು ಅಂದು ‘ಇದು ನಮ್ಮ ಮನೆಯದು, ಹೊರಗಿನವರಿಗೆ ತೋರಿಸತಕ್ಕುದಲ್ಲ’ ಎಂದಿದ್ದರೆ ಎಷ್ಟು ಶರಣರ ಹೆಸರು ಗೆದ್ದಲಿನ ಪಾಲಾಗುತ್ತಿತ್ತೋ ಹೇಳಬಲ್ಲವರಾರು? ಹಾಗೆ ಪಾಲಾದುವೂ ಇಲ್ಲದಿಲ್ಲ.

ಈಗ ಒಂದು ಊರನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದವು ಸಹ್ಯಾದ್ರಿಯ ಸೀಮೆಯ ಹಳ್ಳಿ. ಇಲ್ಲಿ ಮನೆಗಳು ಸಾಲುಗಟ್ಟಿ ನಿಂತಿಲ್ಲ. ಅಡಕೆಯ ತೋಟಗಳ ತಲೆಯಲ್ಲಿ, ಕಾಡಿನ ಅಂಚಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿವೆ. ಇಂತಹ ಸೀಮೆಯಲ್ಲಿ ಊರಿನ ಇತಿಹಾಸವೂ ಬಿಡಿಬಿಡಿಯಾಗಿಯೇ ಇರುವುದು. ಒಂದು ಮನೆಯ ಅಟ್ಟದಲ್ಲಿ ಸೊಪ್ಪಿನ ಬೆಟ್ಟದ ಹಳೆಯ ಪತ್ರ. ಇನ್ನೊಂದರಲ್ಲಿ ಗೇಣಿಯ ಚೀಟಿ. ಮತ್ತೊಂದರಲ್ಲಿ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದ ಹಾಡು. ತೋಟದ ಬೇಲಿಯಲ್ಲಿ ಪಾಚಿಗಟ್ಟಿದ ವೀರಗಲ್ಲು. ನಾಲ್ಕು ತಿಂಗಳ ಮಳೆಯೂ ಒರಲೆಯೂ ಇವನ್ನು ಕಾಯ್ದು ಕುಳಿತಿರುವುದಿಲ್ಲ. ಹಿಂದೆ ಒಲೆಯ ಮೇಲಣ ಅಟ್ಟದ ಹೊಗೆಯು ಓಲೆಗಳನ್ನು ಹುಳುಗಳಿಂದ ರಕ್ಷಿಸುತ್ತಿತ್ತು. ಇಂದು ಹೊಗೆಯ ಒಲೆಗಳು ಕಡಿಮೆಯಾಗಿವೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಹಳೆಯ ಮನೆಯನ್ನು ಕಳಚುವ ದಿನ ಅಟ್ಟದ ಕಟ್ಟು ರದ್ದಿಯೊಡನೆ ಹೊರಟುಹೋಗುತ್ತದೆ.

ಈ ಸೀಮೆಗೆ ಇತಿಹಾಸದ ಕೊರತೆಯಿಲ್ಲ. ಒಂದು ಬದಿಗೆ ಕದಂಬರ ಬನವಾಸಿ. ಇನ್ನೊಂದು ಬದಿಗೆ ಸೋದೆಯ ಅರಸರ ನಾಡು. ತಾಲ್ಲೂಕಿನೊಳಗೇ ಬಿಳಗಿಯ ಪಾಳೆಯಗಾರರ ನೆಲೆ. ನೆರೆಯ ಸಾಗರ ತಾಲ್ಲೂಕಿನ ಕೆಳದಿಯು ವೀರಶೈವ ನಾಯಕರ ಮೂಲಸ್ಥಾನವು. ಅಲ್ಲಿಯೇ ಹುಟ್ಟಿದ ಗುಂಡಾ ಜೋಯಿಸರು ತಾಡವೋಲೆ, ಕಾಗದಪತ್ರ, ಶಿಲ್ಪಗಳನ್ನು ಕೂಡಿಹಾಕಿ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಊರಿನವನೊಬ್ಬನು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಆದರೆ ಅರಸರ ಚರಿತ್ರೆಯೊಂದೇ ಊರಿನ ಚರಿತ್ರೆಯಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ ಅಂಕೋಲಾ ತಾಲ್ಲೂಕುಗಳ ರೈತರು ಮನೆಮಠ ಹೊಲಗದ್ದೆಗಳನ್ನು ಕಳೆದುಕೊಂಡರು. ಮಾವಿನಗುಂಡಿಯಲ್ಲಿ ಹೆಂಗಸರೇ ಸತ್ಯಾಗ್ರಹಕ್ಕೆ ಕುಳಿತರು. ಅವರ ಸ್ಮಾರಕವಿದೆ, ಆದರೆ ಅಂದು ಮನೆಯಲ್ಲಿ ಒಲೆ ಹೇಗೆ ಹೊತ್ತಿತು, ಮಕ್ಕಳನ್ನು ಯಾರು ನೋಡಿಕೊಂಡರು ಎಂಬುದನ್ನು ಕಲ್ಲು ಹೇಳಲಾರದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭೂಮಾಲಿಕರ ವಿರುದ್ಧ ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಮೂಲಗಳಲ್ಲೊಂದಾಗಿತ್ತು. ಧಣಿಯ ಲೆಕ್ಕದ ಪುಸ್ತಕದಲ್ಲಿ ‘ಇಷ್ಟು ಕೊಳಗ’ ಎಂದು ಬರೆದಿರುತ್ತದೆ. ಆ ಕೊಳಗವು ಎಷ್ಟು ದೊಡ್ಡದಿತ್ತೆಂಬುದನ್ನು ಅಳೆದುಕೊಟ್ಟವನ ಮನೆಯಲ್ಲಿಯೇ ಕೇಳಬೇಕು. ಎರಡೂ ಮನೆಗಳ ಮಾತು ಸೇರದೆ ಊರಿನ ಚರಿತ್ರೆಯು ಪೂರ್ಣವಾಗದು.

ಶರಣಧರ್ಮವನ್ನು ನಂಬಿದವರಿಗೆ ಇದು ಹೊಸ ಮಾತಲ್ಲ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ ಮೊದಲಾದವರ ನುಡಿಗಳನ್ನು ರಾಜಸಭೆಯು ಬರೆಯಿಸಲಿಲ್ಲ. ಬಸವಣ್ಣನವರ ವಚನದೊಡನೆ ಅವರ ವಚನವನ್ನೂ ಕಾಯ್ದಿಟ್ಟ ಪರಂಪರೆಯವರು ಊರಿನ ಚರಿತ್ರೆಯನ್ನು ಬರೆಯುವಾಗ ಕೂಲಿಯವನ, ವಿಧವೆಯ, ಕೇರಿಯವನ ಮಾತನ್ನು ಬಿಟ್ಟುಬಿಡುವುದು ಆಚಾರವೆನಿಸದು. ತಮ್ಮ ಮನೆತನಕ್ಕೆ ಹಿತವಾಗದ ಸಂಗತಿಯನ್ನು ಮುಚ್ಚಿ, ಹಿತವಾದುದನ್ನು ಹಿಗ್ಗಿಸಿ ಬರೆಯುವುದು ಚರಿತ್ರೆಯಲ್ಲ, ಆತ್ಮಸ್ತುತಿ.

ಕಾಲವು ಕಾಯುವುದಿಲ್ಲವೆಂಬುದಕ್ಕೂ ನೆರೆಯಲ್ಲಿಯೇ ಸಾಕ್ಷಿಯಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಸಾಗರ ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಜನರು ದೇವರ ಮೂರ್ತಿಗಳನ್ನು ಹೊತ್ತು ಹೊರಟರು, ಊರನ್ನು ಹೊರುವಂತಿರಲಿಲ್ಲ. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತಿ ಕಾಣುವುದು. ಮುಳುಗಿದ ಊರುಗಳ ನೆನಪು ಹಾಗೆ ತಾನಾಗಿ ಮೇಲೇಳುವುದಿಲ್ಲ. ಬಲ್ಲ ಹಿರಿಯನೊಬ್ಬನು ಕಣ್ಮುಚ್ಚಿದಂತೆಲ್ಲ ಅದು ಮತ್ತಷ್ಟು ಆಳಕ್ಕೆ ಇಳಿಯುತ್ತದೆ.

ಹಾಗಾದರೆ ಗೃಹಸ್ಥನು ಮಾಡತಕ್ಕುದೇನು? ಮೊದಲನೆಯದು, ಹಿರಿಯರ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದು. ಹೇಳಿದವರ ಹೆಸರು, ವಯಸ್ಸು, ದಿನಾಂಕಗಳನ್ನು ಮರೆಯದೆ ಬರೆಯಬೇಕು. ಅವರು ಕಣ್ಣಾರೆ ಕಂಡುದು ಯಾವುದು, ಕೇಳಿ ತಿಳಿದುದು ಯಾವುದು ಎಂಬುದನ್ನು ಬೇರೆಬೇರೆಯಾಗಿಡಬೇಕು. ಐತಿಹ್ಯವನ್ನು ಐತಿಹ್ಯವೆಂದೇ ಬರೆದರೆ ಅದರ ಗೌರವವು ಕುಂದದು. ಎರಡನೆಯದು, ಓಲೆ ಕಾಗದಗಳನ್ನು ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡುವುದು. ಮಳೆಗಾಲ ಕಳೆದ ಬಳಿಕ ನೆರಳಿನಲ್ಲಿ ಗಾಳಿಗೆ ಹರಡಬೇಕು, ಬಿಸಿಲು ಕೂಡದು. ಓಲೆಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಬಲ್ಲವರ ಕೈಯಿಂದ ಲೇಪಿಸಬೇಕು. ಮೂರನೆಯದು, ಪ್ರತಿಮಾಡುವುದು. ಇಂದು ಮನೆಯ ಹುಡುಗನ ಕೈಯ ಮೊಬೈಲಿನಿಂದಲೇ ಪ್ರತಿ ಗರಿಯ ಛಾಯಾಚಿತ್ರವನ್ನು ತೆಗೆಯಬಹುದು. ಒಂದು ಪ್ರತಿಯು ಮನೆಯಲ್ಲಿ, ಒಂದು ಊರಿನ ಶಾಲೆಯಲ್ಲಿ, ಒಂದು ಮಠದಲ್ಲಿ ಇರಲಿ. ಮೂಲವನ್ನು ಕೊಡುವ ಅಗತ್ಯವಿಲ್ಲ. ಓದಲು ಬಿಟ್ಟರೆ ಸಾಕು.

ನಾಲ್ಕನೆಯದೇ ಮುಖ್ಯವು. ಕೂಡಿಹಾಕಿದುದನ್ನು ಕೂಡಿ ಕೇಳಬೇಕು. ಶ್ರಾವಣದ ಪ್ರವಚನಗಳಲ್ಲಿ ಒಂದು ಸಂಜೆಯನ್ನು ಊರಿನ ನೆನಪಿಗೆ ಮೀಸಲಿಟ್ಟು, ಎಲ್ಲ ಕೇರಿಗಳ ಹಿರಿಯರನ್ನು ಕರೆದು, ಬರೆದುದನ್ನು ಅವರೆದುರಿಗೇ ಓದಿದರೆ ತಪ್ಪುಗಳು ಅಲ್ಲಿಯೇ ತಿದ್ದಲ್ಪಡುವುವು. ಬಿಟ್ಟುಹೋದ ಮಾತುಗಳು ಅಲ್ಲಿಯೇ ಹೊರಬರುವುವು. ಅನುಭವಮಂಟಪದ ರೀತಿಯೂ ಇದೇ ಅಲ್ಲವೆ? ಪ್ರಶ್ನೆ ಉತ್ತರಗಳ ನಡುವೆ ಅರಿವು ಅಲ್ಲಿ ಬೆಳೆಯಿತು. ಒಬ್ಬನು ಬರೆದು ಉಳಿದವರು ತಲೆದೂಗುವುದು ಆ ಮಂಟಪದ ಪದ್ಧತಿಯಲ್ಲ. ಯಾವನ ಮನೆಯ ನೋವಿನ ಸಂಗತಿಯೋ ಆತನ ಒಪ್ಪಿಗೆಯಿಲ್ಲದೆ ಅದನ್ನು ಸಭೆಗೆ ತರಬಾರದೆಂಬ ಎಚ್ಚರವೂ ಇರಬೇಕು.

ನಿಂತಲ್ಲಿಯೇ ನಿಂತ ಸ್ಥಾವರವು ಅಳಿಯುವುದು, ನಡೆದಾಡುವ ಜಂಗಮವು ಉಳಿಯುವುದೆಂಬುದು ಶರಣರ ಸಿದ್ಧಾಂತ. ಪೆಟ್ಟಿಗೆಯ ಚರಿತ್ರೆಯು ಸ್ಥಾವರ. ಬಾಯಿಂದ ಕಿವಿಗೆ, ಕೈಯಿಂದ ಕೈಗೆ ನಡೆವ ಚರಿತ್ರೆಯು ಜಂಗಮ. ಆದುದರಿಂದ ಸದ್ಭಕ್ತನು ಮುಂದಿನ ಸೋಮವಾರದ ಪೂಜೆ ಮುಗಿದ ಮೇಲೆ ಏಣಿಯಿಟ್ಟು ಅಟ್ಟವನ್ನೇರಲಿ. ಧೂಳು ಕೊಡವಿ ಆ ಕಟ್ಟನ್ನು ಕೆಳಗಿಳಿಸಿ, ಮನೆಯ ಹಿರಿಯರನ್ನೂ ಮಕ್ಕಳನ್ನೂ ಸುತ್ತ ಕುಳ್ಳಿರಿಸಿಕೊಂಡು ದಾರವನ್ನು ಬಿಚ್ಚಲಿ. ಅಂದಿನ ದಾಸೋಹವು ಅಲ್ಲಿಂದ ಆರಂಭವಾಗುವುದು.